ವಂದನಾರ್ಪಣೆ ಮುಗಿಯುವ ತನಕ

ಮೊನ್ನೆ ಬಸ್ಸಿನಲ್ಲಿ ತೋರಿಸಬೇಕಾದ ಆಧಾರ್ ಕಾರ್ಡ್ ಹುಡುಕುತ್ತ ಹಳೆಯ ಕೈಚೀಲವೊಂದನ್ನು ಮಂಚದ ಮೇಲೆ ಬೋರಲು ಹಾಕಿದೆ. ಕಾರ್ಡ್ ಸಿಗಲಿಲ್ಲ, ಒಂದು ಬ್ಯಾಡ್ಜು ಬಿತ್ತು. ಗುಲಾಬಿ ರಿಬ್ಬನ್ನನ್ನು ಹೂವಿನ ಹಾಗೆ ಮಡಚಿ, ನಡುವೆ ದುಂಡನೆಯ ರಟ್ಟು ಅಂಟಿಸಿ, ಮೇಲೆ ಬಂಗಾರದ ಬಣ್ಣದಲ್ಲಿ 'ಸ್ವಾಗತ ಸಮಿತಿ' ಎಂದು ಅಚ್ಚು ಹಾಕಿದ್ದು. ನನ್ನದೇ. ನನ್ನನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ನಗುತ್ತಾರೆ. ಮನೆ ಅಂಗಳದಲ್ಲಿ ನೆಂಟರ ಚಪ್ಪಲಿ ಸದ್ದು ಕೇಳಿದ ಕೂಡಲೇ ಹಿಂದಿನ ಕೋಣೆಗೆ ಸರಿದು, ಕೈಗೆ ಸಿಕ್ಕ ಪುಸ್ತಕ ಬಿಚ್ಚಿ, ಓದುವವಳ ಮುಖ ಮಾಡಿಕೊಂಡು ಕೂರುವವಳು ನಾನು. ಒಮ್ಮೆ ಹಾಗೆ ಬಿಚ್ಚಿದ್ದು ಪ್ರೆಶರ್ ಕುಕ್ಕರಿನ ಮಾಹಿತಿ ಪುಸ್ತಿಕೆ. ಅದನ್ನೇ ಅರ್ಧ ಗಂಟೆ ಓದಿದೆ. ಸೇಫ್ಟಿ ವಾಲ್ವಿನ ಬಗ್ಗೆ ಇಂದಿಗೂ ನನಗೆ ಒಳ್ಳೆಯ ಜ್ಞಾನ ಇದೆ.

ಇಂಥವಳು ಸಾಗರದ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿಗಳಲ್ಲಿ ಯಾರೂ ಸ್ವಾಗತ ಕೋರದ ಜಾತಿ ಎಂದರೆ ಅತಿಥಿ ಉಪನ್ಯಾಸಕರದ್ದು. ಉಳಿದ ಅತಿಥಿಗಳಿಗೆ ನಾವೇ ಸ್ವಾಗತ ಕೋರಬೇಕು, ಆದ್ದರಿಂದ ಬ್ಯಾಡ್ಜು.

ಪಾಠದ ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ: ಘಟಿಕೋತ್ಸವ ಭಾಷಣಗಳ ವಾಕ್ಯರಚನೆ ಮತ್ತು ಅರ್ಥ. ಇದನ್ನು ಯಾಕೆ ಆರಿಸಿಕೊಂಡೆ ಎಂದು ಯಾರಾದರೂ ಕೇಳಿದರೆ ದೊಡ್ಡ ದೊಡ್ಡ ಕಾರಣ ಕೊಡುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಜನರ ಮುಖ ನೋಡದೆ ಮುಗಿಸಬಹುದಾದ ವಿಷಯ ನನಗೆ ಬೇಕಾಗಿತ್ತು. ನನ್ನ ಜೊತೆಯವರು ಹಾಡು ಹೇಳುವ ಅಜ್ಜಿಯರನ್ನು ಹುಡುಕಿಕೊಂಡು ಊರೂರು ಸುತ್ತಿದರು, ಅವರ ಮನೆಯಲ್ಲಿ ಕಾಫಿ ಕುಡಿದರು, ಮೊಮ್ಮಕ್ಕಳ ಮದುವೆಗೆ ಕರೆಸಿಕೊಂಡರು. ನಾನು ಗ್ರಂಥಾಲಯದ ಮೂಲೆಯಲ್ಲಿ ಅಚ್ಚಾದ ಭಾಷಣಗಳ ಕಟ್ಟು ಬಿಚ್ಚಿಕೊಂಡು ಕೂತೆ. ಭಾಷಣಗಳು ಕಾಫಿ ಕೊಡುವುದಿಲ್ಲ, ನಿನ್ನ ಮದುವೆ ಯಾವಾಗ ಎಂದೂ ಕೇಳುವುದಿಲ್ಲ.

ಆದರೆ ಓದುತ್ತ ಹೋದ ಹಾಗೆ ಆ ವಾಕ್ಯಗಳ ಮೇಲೆ ವಿಚಿತ್ರವಾದ ಮೋಹ ಹುಟ್ಟಿತು. 'ನಮ್ಮ ವಿಶ್ವವಿದ್ಯಾಲಯವು ಹೊಸ ವಿದ್ಯಾರ್ಥಿನಿಲಯವನ್ನು ಕಟ್ಟಿದೆ ಎಂದು ತಿಳಿಸಲು ಹರ್ಷಿಸುತ್ತೇನೆ' ಎಂಬ ವಾಕ್ಯವನ್ನೇ ನೋಡಿ. ಇದರಲ್ಲಿ ಸುದ್ದಿ ಯಾವುದು? ವಿದ್ಯಾರ್ಥಿನಿಲಯ ಎಂದು ನೀವು ಅಂದುಕೊಳ್ಳುತ್ತೀರಿ. ಅಲ್ಲ. ವಿದ್ಯಾರ್ಥಿನಿಲಯ 'ಎಂದು' ಎಂಬ ಬಾಗಿಲ ಹಿಂದೆ, ಒಳಕೋಣೆಯಲ್ಲಿ ಕೂತಿದೆ. ಜಗಲಿಯ ಮೇಲೆ ಕಾಲು ಚಾಚಿ ಕೂತ ಯಜಮಾನ ಹರ್ಷ. ಇನ್ನೊಂದು ಕಡೆಯ ಭಾಷಣದಲ್ಲಿ 'ಕಟ್ಟಲು ಉದ್ದೇಶಿಸಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ' ಎಂದಿತ್ತು. ಅಲ್ಲಿ ಕಟ್ಟಡವೇ ಇಲ್ಲ, ಆದರೂ ಹರ್ಷದಲ್ಲಿ ಒಂದು ಇಟ್ಟಿಗೆಯಷ್ಟೂ ಕೊರತೆ ಇರಲಿಲ್ಲ.

ಇನ್ನೊಂದು ಸಂಗತಿ. ಈ ಭಾಷಣಗಳಲ್ಲಿ ವಿದ್ಯಾರ್ಥಿಗಳು ಯಾವಾಗಲೂ 'ರೆ' ಹಿಡಿದುಕೊಂಡು ಬರುತ್ತಾರೆ: ಶ್ರಮಿಸಿದರೆ, ಛಲ ಬಿಡದಿದ್ದರೆ, ಹೆತ್ತವರನ್ನು ಮರೆಯದಿದ್ದರೆ. ವಿಶ್ವವಿದ್ಯಾಲಯ 'ಲಾಗಿದೆ'ಯ ಹೊದಿಕೆ ಹೊದ್ದು ಬರುತ್ತದೆ: ಕ್ರಮ ಕೈಗೊಳ್ಳಲಾಗಿದೆ, ಮನವಿ ಸಲ್ಲಿಸಲಾಗಿದೆ, ಪರಿಶೀಲಿಸಲಾಗುತ್ತಿದೆ. ಯಾರು ಮಾಡಿದರು, ಯಾರು ಮಾಡುತ್ತಿಲ್ಲ ಎಂದು ತಿಳಿಯುವುದಿಲ್ಲ. 'ನಾನು ಮಾಡಿದೆ' ಎಂದು ನೇರವಾಗಿ ಹೇಳುವ ಹಕ್ಕು ಇಡೀ ಸಭೆಯಲ್ಲಿ ಮುಖ್ಯ ಅತಿಥಿಗಳಿಗೆ ಮಾತ್ರ. ಅವರೂ ಅದನ್ನು ತಮ್ಮ ಬಾಲ್ಯಕ್ಕಷ್ಟೇ ಬಳಸುತ್ತಾರೆ: ನಾನು ಬೀದಿದೀಪದ ಕೆಳಗೆ ಓದಿದೆ, ನಾನು ಹೊಳೆ ದಾಟಿ ಶಾಲೆಗೆ ಹೋದೆ. ನಮ್ಮ ಪ್ರಾಂತ್ಯದ ಬೀದಿದೀಪಗಳ ಕೆಳಗೆ ಇಷ್ಟೊಂದು ಜನ ಓದಿದ್ದರೆ ಅಲ್ಲಿ ಜಾಗ ಹೇಗೆ ಸಾಲುತ್ತಿತ್ತೋ.

ಇದನ್ನೆಲ್ಲ ಹಗಲಿಡೀ ಓದಿದರೆ ಆಗುವುದೇನು? ಕಾಯಿಲೆ ಅಂಟುತ್ತದೆ. ಒಂದು ದಿನ ಅಡುಗೆಮನೆಯಿಂದ ಅಮ್ಮ, ಫ್ರಿಜ್ಜಿನಲ್ಲಿ ಹಾಲಿದೆಯಾ ನೋಡು ಎಂದರು. ನಾನು ನೋಡಿ, ಬೆಳಿಗ್ಗೆ ಕಾಫಿಗೆ ಬಳಸಿ ಉಳಿದಿದ್ದ ಹಾಲನ್ನು ಮಧ್ಯಾಹ್ನ ಮೊಸರಿಗೆ ಹೆಪ್ಪು ಹಾಕಲು ತೆಗೆದಿರುವ ಸಾಧ್ಯತೆ ಇರುವುದರಿಂದ ಎಂದು ಶುರು ಮಾಡಿದೆ. ಅಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಒಲೆಯ ಕಡೆಯಿಂದ ತಿರುಗಲೂ ಇಲ್ಲ.

"ಉತ್ತರ ಮೊದ್ಲು ಹೇಳು, ಸ್ಟೆಪ್ಸ್ ಆಮೇಲೆ. ಹಾಲು ಇದ್ದಾ, ಇಲ್ಯಾ?"

"ಇಲ್ಲೆ," ಎಂದೆ.

ಉದ್ದ ವಾಕ್ಯದ ರೋಗ ನನಗೆ ಗ್ರಂಥಾಲಯದಲ್ಲೇ ಅಂಟಿತು ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ತೀರ್ಥಹಳ್ಳಿಯ ಹತ್ತಿರ ನನ್ನ ಅಮ್ಮನ ಅಪ್ಪ ಒಂದು ಸಣ್ಣ ದೇವಸ್ಥಾನದ ಪೂಜೆ ಮಾಡುತ್ತಿದ್ದರು. ರಜೆಯಲ್ಲಿ ಹೋದಾಗ ನನ್ನ ಗಮನವೆಲ್ಲ ಪಂಚಕಜ್ಜಾಯದ ಮೇಲೆ. ಅದು ಸಿಗಬೇಕಾದರೆ ಪೂಜೆ ಮುಗಿಯಬೇಕು, ಪೂಜೆ ಮುಗಿಯಬೇಕಾದರೆ ಶುರುವಾಗಬೇಕು, ಶುರುವಾಗಬೇಕಾದರೆ ಅಜ್ಜ ಸಂಕಲ್ಪ ಹೇಳಬೇಕು. ಸಂಕಲ್ಪ ಎಂದರೆ ಒಂದೇ ವಾಕ್ಯ. ದ್ವೀಪ, ಖಂಡ, ದೇಶ, ನದಿಯ ದಡ, ಆಮೇಲೆ ಸಂವತ್ಸರ, ಋತು, ಮಾಸ, ಪಕ್ಷ, ತಿಥಿ, ವಾರ. ಇಡೀ ಬ್ರಹ್ಮಾಂಡದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಮ್ಮ ಗರ್ಭಗುಡಿಯ ಮುಂದೆ ಬಂದು ನಿಲ್ಲಬೇಕು, ಆಮೇಲೆ ಕ್ರಿಯಾಪದ. ಅಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿರುತ್ತಿತ್ತು. ಈಗ ಘಟಿಕೋತ್ಸವ ಭಾಷಣ ಓದುವಾಗ ಅಜ್ಜನ ದನಿಯೇ ಕೇಳುತ್ತದೆ. ಅಲ್ಲೂ ಮೊದಲು ಜಾಗತಿಕ ಜ್ಞಾನಪರಂಪರೆ, ಆಮೇಲೆ ಭಾರತ, ಆಮೇಲೆ ಕರ್ನಾಟಕ, ಆಮೇಲೆ ಸಹ್ಯಾದ್ರಿಯ ಮಡಿಲು, ಆಮೇಲೆ ವಿಶ್ವವಿದ್ಯಾಲಯ, ಕಟ್ಟಕಡೆಗೆ ಕಪ್ಪು ನಿಲುವಂಗಿಯಲ್ಲಿ ಬೆವರುತ್ತ ಕೂತ ಬಡಪಾಯಿ ವಿದ್ಯಾರ್ಥಿ. ಒಂದೇ ವ್ಯತ್ಯಾಸ, ಇಲ್ಲಿ ಪಂಚಕಜ್ಜಾಯ ಇಲ್ಲ.

ಮೂರನೆಯ ತರಗತಿಯಲ್ಲಿದ್ದಾಗ ಇಂಥದೊಂದು ವಾಕ್ಯ ನನ್ನ ಬಾಯಿಗೇ ಬಂದಿತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಬಾಯಿಪಾಠ ಮಾಡಿಸಿದ ಸ್ವಾಗತ ಭಾಷಣ. ವೇದಿಕೆಯ ಮೇಲಿದ್ದವರ ಹೆಸರನ್ನೆಲ್ಲ ಪೋಣಿಸಿ 'ಇವರೆಲ್ಲರನ್ನೂ ಶಾಲೆಯ ಪರವಾಗಿ, ಮಕ್ಕಳ ಪರವಾಗಿ, ಪೋಷಕರ ಪರವಾಗಿ' ಎಂದು ಹೋಗಿ ನಿಂತುಬಿಟ್ಟೆ. ಮುಂದಿನದು ಮರೆತುಹೋಯಿತು. ಯಾರ ಯಾರ ಪರವಾಗಿ ಬಂದಿದ್ದೇನೋ ಗೊತ್ತಿದೆ, ಏನು ಮಾಡಲು ಬಂದಿದ್ದೇನೋ ಗೊತ್ತಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹೆಸರುಗಳಿಂದ ಓಡಿಬಂದೆ, ಅದೇ ಜಾಗದಲ್ಲಿ ಮುಗ್ಗರಿಸಿದೆ. ಕೊನೆಗೆ ಮುಖ್ಯ ಅತಿಥಿಗಳೇ ಎದ್ದು ಬಂದು, ನಾನು ಬಿಗಿಯಾಗಿ ಹಿಡಿದಿದ್ದ ಗುಲಾಬಿಯನ್ನು ಬೆರಳು ಬಿಡಿಸಿ ತೆಗೆದುಕೊಂಡು, ಥ್ಯಾಂಕ್ಸ್ ಪುಟ್ಟಿ ಎಂದರು. ಅಂದಿನಿಂದ ಮೈಕಿಗೂ ನನಗೂ ಒಂದು ಒಪ್ಪಂದ. ಅದು ನನ್ನ ತಂಟೆಗೆ ಬರುವುದಿಲ್ಲ, ನಾನು ಅದರ ತಂಟೆಗೆ ಹೋಗುವುದಿಲ್ಲ.

ಆ ಒಪ್ಪಂದ ಮುರಿದದ್ದು ಸುಲೋಚನಾ ಮೇಡಂ ನಿವೃತ್ತಿಯ ವರ್ಷ.

ಸುಲೋಚನಾ ಮೇಡಂ ನಮ್ಮ ಕಾಲೇಜಿನ ಕನ್ನಡ ಅಧ್ಯಾಪಕಿ. ನನಗೆ ಬಿ.ಎ.ಯಲ್ಲಿ ಪಾಠ ಹೇಳಿದವರು, ಆಮೇಲೆ ಅದೇ ಸ್ಟಾಫ್ ರೂಮಿನಲ್ಲಿ ನನಗೆ ಅರ್ಧ ಮೇಜು ಬಿಟ್ಟುಕೊಟ್ಟವರು. ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರಿಗೆ ಕಾಲೇಜು ಒಂದು ಕೆಲಸ ಗಂಟು ಹಾಕಿತ್ತು: ವಂದನಾರ್ಪಣೆ. ಹೊಸದಾಗಿ ಸೇರಿದವರು ವಂದನಾರ್ಪಣೆ ಮಾಡುವುದು ನಮ್ಮಲ್ಲಿ ರೂಢಿ. ಅವರು ಸೇರಿದಾಗ ಅವರೇ ಹೊಸಬರು, ಮಾಡಿದರು. ಆಮೇಲೆ ಹೊಸಬರು ಬಂದರು, ಬಂದ ಹೊಸಬರೆಲ್ಲ ಮೇಡಂ ಎಷ್ಟು ಚೆನ್ನಾಗಿ ಮಾಡ್ತಾರೆ, ಅವರೇ ಮಾಡಲಿ ಎಂದು ಜಾರಿಕೊಂಡರು. ಹೊಗಳಿಕೆಯಿಂದ ಒಬ್ಬರನ್ನು ಒಂದೇ ಜಾಗದಲ್ಲಿ ಎಷ್ಟು ಕಾಲ ಕಟ್ಟಿಹಾಕಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

ವಂದನಾರ್ಪಣೆ ಎಂದರೆ ಗೊತ್ತಲ್ಲ. ಅಧ್ಯಕ್ಷರ ಮಾತು ಮುಗಿದಿರುತ್ತದೆ, ಹಿಂದಿನ ಬಾಗಿಲಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿರುತ್ತದೆ, ಹಳ್ಳಿಯ ಹುಡುಗಿಯರು ಬಸ್ಸಿಗೆ ಚೀಲ ಹೆಗಲಿಗೇರಿಸಿರುತ್ತಾರೆ. ವೇದಿಕೆಯ ಎಡಬದಿಯ ಸ್ಟ್ಯಾಂಡ್ ಮೈಕಿನಲ್ಲಿ ಸುಲೋಚನಾ ಮೇಡಂ ದನಿ 'ಎಲ್ಲರಿಗೂ ನಮಸ್ಕಾರ' ಎನ್ನುತ್ತಿದ್ದ ಹಾಗೆ ಇಡೀ ಸಭಾಂಗಣ ಎದ್ದು ನಿಲ್ಲುತ್ತದೆ. ಕುರ್ಚಿಗಳ ಕಾಲು ಕರಕರ ಎನ್ನುತ್ತದೆ. ಆ ಗದ್ದಲದ ಮಧ್ಯೆ ಮೇಡಂ ದನಿ ಏರಿಸದೆ ಒಂದೊಂದೇ ಹೆಸರು ಹೇಳಿ ಮುಗಿಸುತ್ತಿದ್ದರು. ಶಾಮಿಯಾನದವರನ್ನೂ ಬಿಡುತ್ತಿರಲಿಲ್ಲ.

ಬೀಳ್ಕೊಡುಗೆ ಸಮಾರಂಭದ ಸಿದ್ಧತೆ ನಡೆದಿದ್ದ ದಿನಗಳಲ್ಲಿ ಒಂದು ಸಂಜೆ ಅವರ ಜೊತೆ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ಪ್ರಾಂಶುಪಾಲರು ನೆನಪಿನ ಕಾಣಿಕೆ ಏನಿರಲಿ ಎಂದು ಕೇಳಿಕೊಂಡು ಬರಲು ನನ್ನನ್ನು ಅಟ್ಟಿದ್ದರು. ಶ್ರೀಗಂಧದ ಹಾರವೋ ಬೆಳ್ಳಿಯ ದೀಪವೋ ಎಂದು ಕೇಳಿದೆ.

"ಹಾರ, ದೀಪ ಎಂತಕ್ಕೆ ಮಾರಾಯ್ತಿ," ಎಂದರು ಮೇಡಂ. "ನಗ್ಬೇಡ, ಹೇಳ್ತೀನಿ. ಕೂತ ಜನರ ಎದುರು ಒಂದ್ಸಲ ಮಾತಾಡ್ಬೇಕು ಅಂತ ಆಸೆ ಇದೆ ನೋಡು. ಅಷ್ಟೇ."

ನಾನು ನಗಲಿಲ್ಲ. ಏನು ಮಾತಾಡ್ತೀರಿ ಎಂದು ಕೇಳಿದೆ.

"ಅದು ಯಾರಿಗೆ ಗೊತ್ತು? ಮುಂದೆ ಕೂತಿದ್ರೆ ಅಲ್ವಾ ಮಾತು ಹುಟ್ಟೋದು."

ಹೊಸನಗರದ ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ಮಾತ್ರ ಅಲ್ಲೇ ನಿಂತು ಯೋಚಿಸಿದೆ. ನನ್ನಂಥವಳಿಗೆ ಮೈಕು ಶತ್ರು, ಸರಿ. ಬೇಕು ಎನ್ನುವವರಿಗೆ, ಅದೂ ಇಷ್ಟು ವರ್ಷ ಅದರ ಮುಂದೆಯೇ ನಿಂತವರಿಗೆ, ಕೂತು ಕೇಳುವವರು ಸಿಗಲಿಲ್ಲವಲ್ಲ. ಇದೊಂದು ಕಾರ್ಯಕ್ರಮ ಕಳೆದರೆ ಮತ್ತೆ ಅವಕಾಶವಿಲ್ಲ. ನಿವೃತ್ತರನ್ನು ವೇದಿಕೆಗೆ ಯಾರು ಕರೆಯುತ್ತಾರೆ?

ಮರುದಿನ ಪ್ರಾಂಶುಪಾಲರ ಎದುರು ನಿಂತು, ಅಭಿನಂದನಾ ಪತ್ರವನ್ನು ನಾನೇ ಬರೆದು ಓದುತ್ತೇನೆ, ವಂದನಾರ್ಪಣೆಯನ್ನೂ ನಾನೇ ಮಾಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನೀವಾ ಎಂದರು. ಆಮೇಲೆ ಇನ್ನೊಮ್ಮೆ, ನೀವಾ?

ನನ್ನ ಲೆಕ್ಕಾಚಾರ ಹೀಗಿತ್ತು. ಅಭಿನಂದನಾ ಪತ್ರಗಳು ಸಂಕಲ್ಪದ ವಂಶದವು. 'ಸಹ್ಯಾದ್ರಿಯ ಹಸಿರು ಮಡಿಲಲ್ಲಿ ಜನಿಸಿ, ಬಾಲ್ಯದಿಂದಲೇ ಪ್ರತಿಭೆಯ ಕಿರಣಗಳನ್ನು ಬೀರುತ್ತ' ಎಂದು ಹೊರಟರೆ ನಿವೃತ್ತಿಯ ವಯಸ್ಸಿಗೆ ಬರುವಷ್ಟರಲ್ಲಿ ಕೇಳುವವರಿಗೇ ವಯಸ್ಸಾಗಿರುತ್ತದೆ. ಉದ್ದ ವಾಕ್ಯ ಕೇಳುಗರ ಸಮಯವನ್ನು ಕದಿಯುತ್ತದೆ ಎಂದು ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ನಾನೇ ಸಾಧಿಸಿದ್ದೆ. ಆದ್ದರಿಂದ ಪುಟ್ಟ ಪುಟ್ಟ ವಾಕ್ಯಗಳಲ್ಲಿ ಬರೆಯುವುದು, ಬೇಗ ಮುಗಿಸುವುದು, ಉಳಿದ ಸಮಯ ಮೇಡಂಗೆ. ಎರಡು ದಿನ ಕೂತು ಬರೆದೆ. ಒಂದೊಂದು ವಾಕ್ಯವೂ ತೊಳೆದಿಟ್ಟ ಲೋಟದ ಹಾಗಿತ್ತು. ಅಮ್ಮನಿಗೆ ಓದಿ ತೋರಿಸಿದೆ. ಅಮ್ಮ, ಎಲ್ಲಾ ಸರಿ ಇದ್ದು ಎಂದರು. ನನ್ನ ಬರವಣಿಗೆಗೆ ಅವರಿಂದ ಸಿಕ್ಕ ಮೊದಲ ಮೆಚ್ಚುಗೆ ಅದು. ಹೆಮ್ಮೆಯಿಂದ ರಾತ್ರಿ ಎರಡು ಸಲ ಓದಿಕೊಂಡು ಮಲಗಿದೆ.

ಸಮಾರಂಭಕ್ಕೆ ಮುಖ್ಯ ಅತಿಥಿಗಳಾಗಿ ಬಂದವರು ವಿಶ್ವವಿದ್ಯಾಲಯದ ಕುಲಸಚಿವರು. ಸೌಮ್ಯ ಮನುಷ್ಯ, ನಕ್ಕರೆ ಕಣ್ಣೂ ನಗುತ್ತಿತ್ತು. ನಮ್ಮ ಕಾಲೇಜಿಗೆ ಅವರು ಬಂದದ್ದು ಅದೇ ಮೊದಲು. ನನಗೆ ಮಾತ್ರ ಅವರ ಮುಖ ನೋಡಲು ಸಂಕೋಚ. ಕಾರಣ, ನನ್ನ ಪ್ರಬಂಧದಲ್ಲಿ ಅವರ ವಾಕ್ಯಗಳು ಉದಾಹರಣೆಗಳಾಗಿ ಹೋಗಿದ್ದವು. ಅವರ ಒಂದು ವಾಕ್ಯಕ್ಕೆ ನಾನು ರೇಖಾಚಿತ್ರ ಬರೆದಿದ್ದೆ. ಅದು ಹಲಸಿನ ಮರದ ಬೇರಿನ ಹಾಗೆ ಹಾಳೆಯ ಅಂಚು ಮೀರಿ ಹೋಗಿತ್ತು. ಅವರು ಮಾತಿಗೆ ನಿಂತಾಗ ನಾನು ವೇದಿಕೆಯ ಎಡಬದಿಯಲ್ಲಿ ನಿಂತು, ಅವರು ಏನು ಹೇಳುತ್ತಿದ್ದಾರೆ ಎಂದು ಕೇಳುವುದನ್ನು ಬಿಟ್ಟು, ಕ್ರಿಯಾಪದ ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಜ್ಞಾನಪರಂಪರೆಯಿಂದ ಹೊರಟವರು ಕರ್ನಾಟಕಕ್ಕೆ ಬರುವಷ್ಟರಲ್ಲಿ ಕಿಟಕಿಯ ಬಿಸಿಲು ಒಂದು ಸಾಲು ಕುರ್ಚಿ ದಾಟಿತ್ತು. ಮೇಡಂಗೆ ಸಿಗಬೇಕಾದ ಹೊತ್ತು ಕರಗುತ್ತಿತ್ತು.

ಆಮೇಲೆ ನನ್ನ ಸರದಿ. ಪುಟ್ಟ ವಾಕ್ಯಗಳ ಹಾಳೆ ಹಿಡಿದು ಮೈಕಿನ ಮುಂದೆ ನಿಂತೆ.

'ಸುಲೋಚನಾ ಮೇಡಂ ಹೊಸನಗರದವರು' ಎಂದು ಓದಿದೆ. ಚಪ್ಪಾಳೆ. ಹಿಂದಿನ ಸಾಲಿನ ಹೊಸನಗರದ ಹುಡುಗರು ಸಿಳ್ಳೆಯನ್ನೂ ಹೊಡೆದರು. ಅದು ಅಡಗುವ ತನಕ ಕಾದೆ. 'ಅವರು ಇಲ್ಲಿ ಕನ್ನಡ ಕಲಿಸಿದರು.' ಮತ್ತೆ ಚಪ್ಪಾಳೆ. 'ಅವರು ದಿನಾ ಬಸ್ಸಿನಲ್ಲಿ ಬಂದರು.' ಬಸ್ಸಿನಲ್ಲಿ ಬರುವವರೆಲ್ಲರ ಚಪ್ಪಾಳೆ. ಆಗ ನನಗೆ ಹೊಳೆಯಿತು. ಉದ್ದ ವಾಕ್ಯದಲ್ಲಿ ಜನರಿಗೆ ಚಪ್ಪಾಳೆ ಹೊಡೆಯಲು ಜಾಗವೇ ಸಿಗುವುದಿಲ್ಲ, ಕೊನೆಯಲ್ಲಿ ಒಂದೇ ಸಲ ಹೊಡೆದು ಮುಗಿಸುತ್ತಾರೆ. ನಾನಾದರೋ ಹೆಜ್ಜೆಗೊಂದು ನಿಲ್ದಾಣ ಕಟ್ಟಿಕೊಂಡು ಬಂದಿದ್ದೆ. ನಾಲ್ಕನೆಯ ಅಧ್ಯಾಯ ನನ್ನ ಕಣ್ಣೆದುರೇ ಕುಸಿಯುತ್ತಿತ್ತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದೊಂದು ಚಪ್ಪಾಳೆ ಬಿದ್ದಾಗಲೂ ಪತ್ರ ಓದಿ ಮುಗಿಯಿತೆಂದು ತಿಳಿದು ಕುಲಸಚಿವರು ಶಾಲು ಹಿಡಿದು ಏಳುತ್ತಿದ್ದರು, ನಾನು ಮುಂದುವರಿದ ಕೂಡಲೇ ಕೂರುತ್ತಿದ್ದರು. ಕೆಲವು ಸಲ ಹಾಗೆ ಎದ್ದು ಕೂತು ಬೇಸತ್ತು, ಒಂದು ಚಪ್ಪಾಳೆಗೆ ಗಟ್ಟಿ ಮನಸ್ಸು ಮಾಡಿ ಶಾಲು ಹೊದಿಸಿಯೇಬಿಟ್ಟರು. ಫೋಟೋದವನು ಸರಿಯಾಗಿ ಬಂದಿಲ್ಲ ಎಂದ, ಇನ್ನೊಮ್ಮೆ ಹೊದಿಸಿದರು. ಹಣ್ಣಿನ ಬುಟ್ಟಿಯನ್ನೂ ಕೊಟ್ಟರು. ಮಿಕ್ಕ ಅರ್ಧ ಅಭಿನಂದನೆಯನ್ನು ಮೇಡಂ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಅನಾನಸಿನ ಎಲೆಗಳ ಮರೆಯಿಂದ ಕೇಳಿದರು. ಹಳೆಯ ಶೈಲಿಯಲ್ಲಿ ಬರೆದಿದ್ದರೆ ಇದರ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು.

ಪ್ರಾಂಶುಪಾಲರ ಅಧ್ಯಕ್ಷೀಯ ಮಾತು ಮುಗಿದಾಗ ಸಭೆ ಬಹುಪಾಲು ಮನಸ್ಸಿನಲ್ಲೇ ಎದ್ದು ಹೋಗಿತ್ತು. ಉಪ್ಪಿಟ್ಟಿನ ವಾಸನೆ ಒಳಗೆ ಬಂದಿತ್ತು. ಸಿಗಂದೂರು ಕಡೆಯ ಹುಡುಗಿಯರು ಗಡಿಯಾರ ನೋಡುತ್ತಿದ್ದರು. ಪ್ರಾಂಶುಪಾಲರು ಮೇಡಂ ಕಡೆ ಬಾಗಿ ಮೆಲ್ಲಗೆ, ಎರಡು ಮಾತು ಸಾಕು ಮೇಡಂ, ಮಕ್ಕಳಿಗೆ ಬಸ್ಸಿಗೆ ಹೊತ್ತಾಯ್ತು ಎಂದರು. ಮೇಡಂ ತಲೆಯಾಡಿಸಿದರು. ಬುಟ್ಟಿಯನ್ನು ಕೆಳಗಿಟ್ಟು ಎದ್ದರು.

ಸನ್ಮಾನಿತರು ಮಾತಾಡುವುದು ನಡುವಿನ ಪೋಡಿಯಮ್ಮಿನಲ್ಲಿ. ಹೂವಿನ ಹಾರ ಸುತ್ತಿ ಅಲಂಕಾರ ಮಾಡಿಟ್ಟಿದ್ದೆವು. ಮೇಡಂ ಅದನ್ನು ದಾಟಿ ನೇರ ಎಡಬದಿಗೆ, ನಾನು ನಿಂತಿದ್ದ ಸ್ಟ್ಯಾಂಡ್ ಮೈಕಿನ ಕಡೆಗೇ ಬಂದರು. ಅಷ್ಟು ವರ್ಷದಲ್ಲಿ ಕಾಲಿಗೆ ಕೂತ ದಾರಿ ಅದು. ಅಲ್ಲಿ ಮೇಡಂ ಎಂದು ನಾನು ಕೈ ತೋರಿಸುವಷ್ಟರಲ್ಲಿ ಅವರು ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿಕೊಂಡು, ಎಂದಿನ ದನಿಯಲ್ಲಿ, "ಎಲ್ಲರಿಗೂ ನಮಸ್ಕಾರ" ಎಂದರು.

ಇಡೀ ಸಭಾಂಗಣ ಎದ್ದು ನಿಂತಿತು.

ಯಾರದ್ದೂ ದುರುದ್ದೇಶವಲ್ಲ. ಆ ಜಾಗದಿಂದ ಆ ದನಿ ಬಂದರೆ ಕಾರ್ಯಕ್ರಮ ಮುಗಿಯಿತು ಎಂದು ನಮ್ಮ ಕಾಲೇಜಿನವರ ಮೊಣಕಾಲುಗಳಿಗೆ ಗೊತ್ತು. ಶಾಲೆಯ ಗಂಟೆ ಹೊಡೆದಂತೆ ಅದು. ಕುರ್ಚಿಗಳು ಕರಕರ ಎಂದವು, ಚೀಲಗಳು ಹೆಗಲೇರಿದವು, ಹಿಂದಿನ ಬಾಗಿಲು ತೆರೆಯಿತು. ಸ್ಟಾಫಿನವರೂ ಎದ್ದರು. ಮೇಡಂ ಮೈಕಿನ ಕಂಬ ಹಿಡಿದು ನಿಂತರು. ನಾನು ಅವರಿಂದ ಕೈಯಳತೆಯಲ್ಲಿದ್ದೆ. ಅವರ ಮುಖ ನೋಡಲಾಗದೆ ನನ್ನ ಹಾಳೆಯನ್ನು ನೋಡಿದೆ.

ಆಗ ನಮ್ಮನ್ನು ಕಾಪಾಡಿದ್ದು ಕುಲಸಚಿವರ ತಪ್ಪು ತಿಳಿವಳಿಕೆ. ಅವರಿಗೆ ಈ ರೂಢಿ ಗೊತ್ತಿಲ್ಲ. ಒಬ್ಬ ಅಧ್ಯಾಪಕಿ ನಮಸ್ಕಾರ ಎಂದ ಕೂಡಲೇ ಸಭೆಗೆ ಸಭೆಯೇ ಎದ್ದು ನಿಂತದ್ದನ್ನು ನೋಡಿ ಅವರ ಕಣ್ಣು ತುಂಬಿಬಂತು. ತಾವೂ ಎದ್ದು ಕೈಮುಗಿದು ನಿಂತರು. ಅವರು ನಿಂತ ಮೇಲೆ ಪ್ರಾಂಶುಪಾಲರು ನಿಲ್ಲಲೇಬೇಕಾಯಿತು. ಬಾಗಿಲ ಕಡೆ ಹೆಜ್ಜೆ ಹಾಕಿದ್ದವರು ತಿರುಗಿ ನೋಡಿದರೆ ವೇದಿಕೆಯ ಮೇಲೆ ವಿಶ್ವವಿದ್ಯಾಲಯವೇ ಕೈಮುಗಿದು ನಿಂತಿದೆ. ಅದಕ್ಕೆ ಬೆನ್ನು ಹಾಕಿ ಉಪ್ಪಿಟ್ಟಿಗೆ ಹೋಗುವುದು ಹೇಗೆ? ಎಲ್ಲರೂ ಇದ್ದಲ್ಲೇ ನಿಂತರು. ಯಾರು ಯಾರಿಗಾಗಿ ನಿಂತಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಕುರ್ಚಿಯೂ ಅಲುಗಾಡಲಿಲ್ಲ.

ಮೇಡಂ ಒಮ್ಮೆ ಬಲಕ್ಕೆ ನೋಡಿದರು, ಒಮ್ಮೆ ಎದುರಿಗೆ ನೋಡಿದರು. ಆಮೇಲೆ ಊಟದ ನಂತರದ ಪೀರಿಯಡ್ಡಿಗೆ ಬಂದಾಗಿನ ದನಿಯಲ್ಲಿ, "ಕೂತ್ಕೊಳ್ಳಿ," ಎಂದರು.

ಎಲ್ಲರೂ ಕೂತರು. ಕುಲಸಚಿವರು ಎಲ್ಲರಿಗಿಂತ ಬೇಗ ಕೂತರು. ನನಗೆ ಕುರ್ಚಿ ಇರಲಿಲ್ಲ, ಆದರೂ ಕಾಲು ಕೇಳಲಿಲ್ಲ, ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಸ ಸೀರೆ, ಮೆಟ್ಟಿಲ ಮೇಲೆ ರಂಗೋಲಿ ಪುಡಿ. ಅದು ಆಮೇಲೆ ಗೊತ್ತಾಯಿತು.

"ಇಷ್ಟು ವರ್ಷ ನಾನು ವಂದನೆ ಹೇಳಿದ್ದೆಲ್ಲ ನಿಮ್ಮ ಬೆನ್ನಿಗೆ," ಎಂದರು ಮೇಡಂ. "ಬೆನ್ನು ನೋಡಿದ್ರೆ ಸಾಕು, ಯಾರು ಅಂತ ಹೇಳ್ತೀನಿ ನಾನು. ಮುಖ ಇವತ್ತೇ ನೋಡ್ತಾ ಇರೋದು."

ಜನ ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು.

ಅವರು ಏನು ಮಾತಾಡಿದರು? ದೊಡ್ಡ ವಿಷಯವೇನಲ್ಲ. ಮೊದಲ ದಿನ ತಪ್ಪು ತರಗತಿಗೆ ಹೋಗಿ ಅರ್ಥಶಾಸ್ತ್ರದ ಮಕ್ಕಳಿಗೆ ಛಂದಸ್ಸು ಹೇಳಿ ಬಂದದ್ದನ್ನು ಹೇಳಿದರು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ, ಪುಸ್ತಕ ಕಾಣದೆ, ಬಾಯಿಗೆ ಬಂದ ಪದ್ಯ ಹೇಳಿಸಿದ್ದೇ ತಾನು ಮಾಡಿದ ಒಳ್ಳೆಯ ಪಾಠ ಎಂದರು. ಹೆಂಗಸರ ಶೌಚಾಲಯದ ಚಿಲಕದ ಬಗ್ಗೆಯೂ ಹೇಳಿದರು. 'ನಾನು ಕೇಳಿದೆ. ನೀವು ಹಾಕಿಸಲಿಲ್ಲ' ಎಂದರು. ಪ್ರಾಂಶುಪಾಲರು ಮೇಜಿನ ಮೇಲಿನ ಹೂವನ್ನು ನೋಡಿದರು. ನನ್ನ ಪ್ರಬಂಧಕ್ಕೆ ಓದಿದ ಅಷ್ಟೂ ಭಾಷಣಗಳಲ್ಲಿ 'ನಾನು' ಮತ್ತು 'ನೀವು' ಹೀಗೆ ಎದುರುಬದುರು ಕೂತದ್ದನ್ನು ನಾನು ಕಂಡಿರಲಿಲ್ಲ. ಮೇಡಂ ಹರ್ಷಿಸಲಿಲ್ಲ, ವಿಷಾದಿಸಲೂ ಇಲ್ಲ. ಯಾರಿಗೂ ವಂದನೆಯನ್ನೂ ಹೇಳಲಿಲ್ಲ. ನಡುವೆ ರಸ್ತೆಯಲ್ಲಿ ಸಿಗಂದೂರು ಕಡೆಯ ಬಸ್ಸಿನ ಹಾರ್ನ್ ಕೇಳಿತು. ಆ ಕಡೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳಲಿಲ್ಲ.

ಮಾತು ಮುಗಿದಾಗ ಮೇಡಂ ಸುಮ್ಮನೆ ನಿಲ್ಲಿಸಿದರು. ಮುಗಿಸುವ ಪದವೇನೂ ಇರಲಿಲ್ಲವಾದ್ದರಿಂದ ಮುಗಿಯಿತೆಂದು ಸಭೆಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲಿನ ಚಪ್ಪಾಳೆಯನ್ನು ನಾನು ಮೆಟ್ಟಿಲ ಮೇಲಿನಿಂದಲೇ ಹೊಡೆದೆ.

ಈಗ ಉಳಿದದ್ದು ನನ್ನ ವಂದನಾರ್ಪಣೆ. ಎದ್ದು ಮೈಕಿನ ಹತ್ತಿರ ಹೋಗಿ, ಸೀರೆಯ ರಂಗೋಲಿ ಒರೆಸಿಕೊಂಡು, ಎಲ್ಲರಿಗೂ ನಮಸ್ಕಾರ ಎಂದೆ. ದನಿ ಬೇರೆಯಾದರೂ ಜಾಗ ಅದೇ. ಸಭಾಂಗಣ ಎದ್ದಿತು, ಈ ಸಲ ತಡೆಯುವವರಿರಲಿಲ್ಲ. ಕುಲಸಚಿವರನ್ನು ಪ್ರಾಂಶುಪಾಲರು ತಮ್ಮ ಕೊಠಡಿಗೆ ಕರೆದುಕೊಂಡು ಹೋದರು. ನಾನು ಹೆಸರುಗಳ ಹಾಳೆ ಬಿಚ್ಚಿದೆ. ಪುಟ್ಟ ವಾಕ್ಯಗಳ ಪಾಠ ಆಗಲೇ ಆಗಿತ್ತಲ್ಲ, ಎಲ್ಲರನ್ನೂ ಒಂದೇ ವಾಕ್ಯಕ್ಕೆ ಪೋಣಿಸಿಕೊಂಡು, ಬಾಗಿಲ ಕಡೆ ಸರಿಯುತ್ತಿದ್ದ ಬೆನ್ನುಗಳ ಕಡೆಗೆ, ಒಬ್ಬರೂ ಕೇಳುತ್ತಿಲ್ಲ ಎಂಬ ಧೈರ್ಯದಲ್ಲಿ, ಆದಷ್ಟು ಬೇಗ ಓದಿ ಓಡಿಹೋಗುವ ಉಪಾಯದಲ್ಲಿದ್ದೆ. ಮೊದಲ ಮೂರು ಹೆಸರು ಉಸಿರು ಬಿಡದೆ ಮುಗಿಸಿದೆ.

ಅಷ್ಟರಲ್ಲಿ ಮೇಡಂ ಬುಟ್ಟಿ ಎತ್ತಿಕೊಂಡು ವೇದಿಕೆ ಇಳಿದರು. ಅವರ ಹೊಸನಗರದ ಬಸ್ಸಿಗೂ ಹೊತ್ತಾಗಿತ್ತು, ಹೊರಟರು ಎಂದುಕೊಂಡೆ. ಅವರು ಬಾಗಿಲ ಕಡೆ ಹೋಗಲಿಲ್ಲ. ಮುಂದಿನ ಸಾಲಿಗೆ ಬಂದು, ಪಕ್ಕದ ಕುರ್ಚಿಯ ಮೇಲೆ ಬುಟ್ಟಿ ಇಟ್ಟು, ಶಾಲು ಮಡಚಿ ಅದರ ಮೇಲಿಟ್ಟು, ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತರು. ಕೂತು ನನ್ನ ಮುಖ ನೋಡಿದರು.

"ಓಡ್ಬೇಡ ಕಣೇ," ಎಂದರು. "ನಿಧಾನ ಓದು. ನಾನು ಕೂತಿದ್ದೀನಿ."

ನಾನು ಮತ್ತೆ ಮೊದಲ ಹೆಸರಿನಿಂದ ಶುರು ಮಾಡಿದೆ.